ಸಿಹಿನೀರಿಗೆ ಬರುವ ತಾಟೆ

ಕಾಸರಗೋಡಿನ ಮೀನು ಮಾರುಕಟ್ಟೆಯಲ್ಲಿ ತಾಟೆ, ಅಂದರೆ ಶಾರ್ಕ್, ಕೊಳ್ಳುವವರು ಮೊದಲು ನಂಬುವುದು ಮೂಗನ್ನು. ಬಗ್ಗಿ ಕಿವಿರಿನ ಸೀಳಿನ ಹತ್ತಿರ ಮೂಸಿ ನೋಡುತ್ತಾರೆ. ಒಂದಿಷ್ಟು ಹಳತಾದರೂ ಸಾಕು, ಕಣ್ಣಲ್ಲಿ ನೀರು ಬರಿಸುವ ಅಮೋನಿಯಾ ವಾಸನೆ ಹೊಡೆಯುತ್ತದೆ. ಬಂಗುಡೆಗೂ ಬೂತಾಯಿಗೂ ಆ ಬಗೆಯ ವಾಸನೆ ಇಲ್ಲ. ನಮ್ಮ ಮನೆಯಲ್ಲಿ ಅಮ್ಮ ತಾಟೆಯ ಸಾರಿಗೆ ಹುಳಿಯನ್ನು ಒಂದು ಕೈ ಹೆಚ್ಚೇ ಹಾಕುತ್ತಿದ್ದರು. ಕಡಲಿನ ಶಾರ್ಕ್ ಹೊಳೆಯಲ್ಲಿ ನೂರಾರು ಕಿಲೋಮೀಟರ್ ಮೇಲೇರುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಈ ವಾಸನೆಯಲ್ಲೇ ಅಡಗಿದೆ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಬಂಗುಡೆಯಂಥ ಮೀನುಗಳು ಕಡಲ ನೀರನ್ನು ಕುಡಿದು ಹೆಚ್ಚಿನ ಉಪ್ಪನ್ನು ಹೊರಹಾಕುತ್ತಾ ಬದುಕುತ್ತವೆ. ತಾಟೆಯ ದಾರಿ ಬೇರೆ. ನಮ್ಮ ದೇಹ ಮೂತ್ರದಲ್ಲಿ ಕಳೆಯುವ ಯೂರಿಯಾವನ್ನು ಅದು ರಕ್ತದಲ್ಲೇ ಉಳಿಸಿಕೊಂಡು, ಮೈಯೊಳಗಿನ ದ್ರವವನ್ನು ಕಡಲಿಗೆ ಸರಿದೂಗಿಸುತ್ತದೆ. ಸತ್ತ ಮೇಲೆ ಆ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಇಂಥ ಮೈಯನ್ನು ಸಿಹಿನೀರಿಗೆ ಇಳಿಸಿದರೆ ಕಿವಿರುಗಳ ಮೂಲಕ ನೀರು ಒಳನುಗ್ಗುತ್ತದೆ, ಉಪ್ಪು ಸೋರಿಹೋಗುತ್ತದೆ. ಬಹುಪಾಲು ಶಾರ್ಕ್‌ಗಳಿಗೆ ಅದು ಸಾವು. ಆದರೆ ಬುಲ್ ಶಾರ್ಕ್ ಎಂಬ ಜಾತಿ ರಕ್ತದ ಯೂರಿಯಾವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಉಪ್ಪು ಹೊರಹಾಕುವ ಗ್ರಂಥಿಯ ಕೆಲಸವನ್ನು ತಗ್ಗಿಸುತ್ತದೆ, ಕಿವಿರಿನಿಂದ ಉಪ್ಪನ್ನು ಹೀರಿಕೊಳ್ಳುತ್ತದೆ, ತೆಳ್ಳನೆಯ ಮೂತ್ರವನ್ನು ಹೇರಳವಾಗಿ ಹೊರಬಿಡುತ್ತದೆ. ಕಡಲಿಗೆ ಮರಳುವಾಗ ಇದೆಲ್ಲ ತಿರುವುಮುರುವು.

ಇದನ್ನು ಒಪ್ಪಿಕೊಳ್ಳಲು ವಿದ್ವಾಂಸರಿಗೆ ಹಿಡಿದ ಕಾಲವೇ ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು. ಮಧ್ಯ ಅಮೆರಿಕದ ನಿಕರಾಗುವಾ ಸರೋವರದಲ್ಲಿ ಶಾರ್ಕ್‌ಗಳಿರುವುದು ದಡದ ಜನರಿಗೆ ಹಿಂದಿನಿಂದಲೂ ಗೊತ್ತಿತ್ತು. 1877ರಲ್ಲಿ ವಿಜ್ಞಾನಿಗಳು ಅದಕ್ಕೆ ಪ್ರತ್ಯೇಕ ಪ್ರಭೇದವೆಂದು ಹೆಸರಿಟ್ಟರು. ಒಂದು ಕಾಲದಲ್ಲಿ ಆ ಸರೋವರ ಕಡಲಿನ ಕೊಲ್ಲಿಯಾಗಿತ್ತು, ಜ್ವಾಲಾಮುಖಿಗಳು ಅಡ್ಡಬಂದು ಮೀನುಗಳು ಒಳಗೇ ಸಿಕ್ಕಿಬಿದ್ದವು ಎಂಬ ವಿವರಣೆಯೂ ಹುಟ್ಟಿತು. 1961ರಲ್ಲಿ ಆ ಶಾರ್ಕ್ ಕಡಲಿನ ಬುಲ್ ಶಾರ್ಕ್ ಅಲ್ಲದೆ ಬೇರೇನಲ್ಲ ಎಂದು ತೀರ್ಮಾನವಾಯಿತು. ಆಮೇಲೆ ಥಾಮಸ್ ಥಾರ್ಸನ್ ಎಂಬ ಜೀವವಿಜ್ಞಾನಿ ಶಾರ್ಕ್‌ಗಳಿಗೆ ಗುರುತಿನ ಬಿಲ್ಲೆ ಸಿಕ್ಕಿಸಿ ಬಿಟ್ಟರು. ಸರೋವರದಲ್ಲಿ ಬಿಟ್ಟದ್ದು ಕಡಲಿನಲ್ಲಿ, ಕಡಲ ತುದಿಯಲ್ಲಿ ಬಿಟ್ಟದ್ದು ಸರೋವರದಲ್ಲಿ ಸಿಕ್ಕಿತು. ಸರೋವರವನ್ನು ಕಡಲಿಗೆ ಸೇರಿಸುವ ಸಾನ್ ಹುವಾನ್ ನದಿಯ ರಭಸದ ಇಳಿಜಾರುಗಳನ್ನು ಅವು ಹತ್ತಿ ಇಳಿಯುತ್ತಿದ್ದವು. ಹೀಗೆ ಸಂಶಯ ತೀರಿದ ಹೊತ್ತಿಗೇ, 1970ರ ದಶಕದಲ್ಲಿ, ರೆಕ್ಕೆಗಾಗಿ ನಡೆದ ಭಾರೀ ಬೇಟೆಯಲ್ಲಿ ಆ ಶಾರ್ಕ್‌ಗಳು ಕರಗಿಹೋದವು. ಈ ಭಾಗವನ್ನು ಎಷ್ಟು ಸಲ ಓದಿದರೂ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ನಂಬದೆ ಹೋದದ್ದಕ್ಕೆ ಜನ ಜೀವವನ್ನೂ ತೆತ್ತಿದ್ದಾರೆ. 1916ರ ಜುಲೈ 12ರಂದು ಅಮೆರಿಕದ ನ್ಯೂಜೆರ್ಸಿಯ ಮಟಾವನ್ ಎಂಬ ಊರಿನ ಕಿರುಹೊಳೆಯಲ್ಲಿ ಶಾರ್ಕ್ ಕಂಡಿತೆಂದು ಹಳೆಯ ನಾವಿಕರೊಬ್ಬರು ಓಡಿಬಂದು ಎಚ್ಚರಿಸಿದರು, ಊರು ಕಿವಿಗೊಡಲಿಲ್ಲ. ಅಂದೇ ಒಬ್ಬ ಬಾಲಕ, ಅವನನ್ನು ಹುಡುಕಲು ನೀರಿಗಿಳಿದ ಯುವಕ, ಇಬ್ಬರೂ ಸತ್ತರು. 1937ರಲ್ಲಿ ಮಿಸಿಸಿಪ್ಪಿ ನದಿಯಲ್ಲಿ ಕಡಲಿನಿಂದ 1,800 ಕಿ.ಮೀ.ಗೂ ಮೇಲಿರುವ ಆಲ್ಟನ್ ಪಟ್ಟಣದಲ್ಲಿ ಬುಲ್ ಶಾರ್ಕ್ ಸಿಕ್ಕಿತು. ಅಮೆಜಾನ್ ನದಿಯಲ್ಲಿ ಪೆರುವಿನ ಇಕಿಟೋಸ್‌ವರೆಗೆ, ಸುಮಾರು 3,700 ಕಿ.ಮೀ. ದೂರ, ಅದು ಹೋಗಿದೆ. ಹೋಲಿಸಿ ನೋಡಿ: ನಮ್ಮ ಚಂದ್ರಗಿರಿ ಹೊಳೆ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿಯಾಗಿ ಹರಿದು ತಳಂಗರೆಯಲ್ಲಿ ಕಡಲು ಸೇರುವವರೆಗೆ ಒಟ್ಟು 105 ಕಿ.ಮೀ. ಅಷ್ಟೇ.

ಭಾರತದಲ್ಲಿ ಈ ಕಥೆಗೆ ಇನ್ನೊಂದು ಗೋಜಲು ಸೇರಿಕೊಂಡಿದೆ. ಇಲ್ಲಿ ಗಂಗಾ ಶಾರ್ಕ್ ಎಂಬ ನಿಜವಾದ ನದಿಯ ಶಾರ್ಕ್ ಇದೆ. 1839ರಲ್ಲಿ ಅದನ್ನು ವಿವರಿಸಿದರೂ, ಮುಂದೆ ಬಹುಕಾಲ ವಿಜ್ಞಾನಿಗಳ ಕೈಯಲ್ಲಿದ್ದದ್ದು 19ನೆಯ ಶತಮಾನದ ಮೂರೇ ಮಾದರಿಗಳು. ಹೂಗ್ಲಿಯಲ್ಲಿ ಸ್ನಾನಕ್ಕಿಳಿದವರನ್ನು ಕಚ್ಚಿದ ಆರೋಪವೆಲ್ಲ ಇದರ ತಲೆಗೆ ಬಂತು; ಅವುಗಳಲ್ಲಿ ಹಲವು ಬುಲ್ ಶಾರ್ಕ್‌ನ ಕೆಲಸವಿರಬೇಕು ಎಂದು ಈಗಿನ ತಜ್ಞರು ಹೇಳುತ್ತಾರೆ. 2001ರ ಜುಲೈಯಲ್ಲಿ ಕೇಂದ್ರ ಸರ್ಕಾರ ಎಲ್ಲ ಶಾರ್ಕ್ ಮತ್ತು ತೊರಕೆ (ರೇ) ಮೀನುಗಳನ್ನೂ ವನ್ಯಜೀವಿ ಕಾಯ್ದೆಯ ರಕ್ಷಣೆಗೆ ತಂದಿತು. ಮೀನುಗಾರರ ಹೊಟ್ಟೆಪಾಡಿನ ಪ್ರಶ್ನೆ ಎದ್ದಿತು. ಡಿಸೆಂಬರಿನಲ್ಲಿ ಪಟ್ಟಿ ಹತ್ತು ಜಾತಿಗಳಿಗೆ ಇಳಿಯಿತು. ಗಂಗಾ ಶಾರ್ಕ್ ಅದರಲ್ಲಿ ಉಳಿಯಿತು, ಬುಲ್ ಶಾರ್ಕ್ ಉಳಿಯಲಿಲ್ಲ.

2016ರ ಫೆಬ್ರವರಿಯಲ್ಲಿ ಮುಂಬೈಯ ಸಸೂನ್ ಡಾಕ್‌ನಲ್ಲಿ 266 ಸೆಂ.ಮೀ. ಉದ್ದದ ಹೆಣ್ಣು ಗಂಗಾ ಶಾರ್ಕ್ ಕಂಡಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ಸಿಕ್ಕ ಮೊದಲ ದಾಖಲೆ ಅದು, ಸಿಕ್ಕದ್ದು ನಮ್ಮದೇ ಅರಬ್ಬಿ ಸಮುದ್ರದಲ್ಲಿ. 2024ರಲ್ಲಿ ಪಾಲ್ಘರ್ ಜಿಲ್ಲೆಯ ಮನೋರ್ ಬಳಿ ವೈತರಣಾ ಹೊಳೆಯಲ್ಲಿ ಶಾರ್ಕ್ ಒಬ್ಬ ಯುವಕನ ಕಾಲನ್ನು ಕಚ್ಚಿತು. ಕಡಲ ಮೀನು ಊರೊಳಗೆ ಹೇಗೆ ಬಂತು ಎಂಬ ಅಚ್ಚರಿ ಆಗಲೂ ಹೊಸದಾಗಿಯೇ ಕೇಳಿಬಂತು.

ಕಾಸರಗೋಡಿನವರಿಗೆ ಈ ಅಚ್ಚರಿ ಇರಬಾರದು. ಬೇಸಿಗೆಯಲ್ಲಿ ಕಡಲು ಎಷ್ಟು ಒಳಗೆ ಬರುತ್ತದೆಂದು ನಾವು ನಾಲಿಗೆಯಿಂದಲೇ ಬಲ್ಲೆವು. ಚಂದ್ರಗಿರಿ ಹೊಳೆಯ ಬಾವಿಕ್ಕರೆಯಿಂದ ಪಟ್ಟಣಕ್ಕೆ ಬರುವ ನಲ್ಲಿನೀರು ಎಷ್ಟೋ ವರ್ಷ ಮಾರ್ಚ್ ದಾಟುತ್ತಲೇ ಉಪ್ಪಾಗುತ್ತಿತ್ತು. ಉಪ್ಪು ತಡೆಯಲು ಪ್ರತಿವರ್ಷ ಮರಳಿನ ಚೀಲಗಳ ಕಟ್ಟ ಏಳುತ್ತಿತ್ತು, ಮಳೆ ಹಿಡಿದಾಗ ಕೊಚ್ಚಿಹೋಗುತ್ತಿತ್ತು. ಈಗ ಅಲ್ಲಿ ಶಾಶ್ವತ ರೆಗ್ಯುಲೇಟರ್ (ಬಾಗಿಲುಗಳಿರುವ ಅಡ್ಡಕಟ್ಟ) ಇದೆ. ಅದು ಬೇಡವಿತ್ತು ಎಂದು ನಾನು ಹೇಳಲಾರೆ, ಉಪ್ಪು ಚಹಾ ಕುಡಿದವನು ನಾನು. ಆದರೆ ಉಪ್ಪಿಗೆ ಹಾಕಿದ ಬಾಗಿಲು ಮೀನಿಗೂ ಬಾಗಿಲೇ. ಬುಲ್ ಶಾರ್ಕ್ ಮರಿ ಹಾಕುವುದು ಅಳಿವೆಗಳಲ್ಲಿ. ಒಂದು ಬಸಿರಿಗೆ ಒಂದರಿಂದ ಹದಿಮೂರು ಮರಿ. ದೊಡ್ಡ ಶಾರ್ಕ್‌ಗಳ ಬಾಯಿಗೆ ಬೀಳದಂತೆ ಅವು ಕೆಲವು ವರ್ಷ ಹೊಳೆಯ ಕಡೆಗೇ ಬೆಳೆಯುತ್ತವೆ. ಮರಳು ತೆಗೆದ ಅಳಿವೆಯಲ್ಲಿ, ಕಸ ತುಂಬಿದ ಹಿನ್ನೀರಿನಲ್ಲಿ ಅವಕ್ಕೆ ಜಾಗ ಉಳಿಯುವುದಿಲ್ಲ.

ಮೊನ್ನೆ ಮಾರುಕಟ್ಟೆಯಲ್ಲಿ ಮೊಣಕೈ ಉದ್ದದ ತಾಟೆಯೊಂದು ಬುಟ್ಟಿಯಲ್ಲಿತ್ತು. ಕೈಗೆತ್ತಿಕೊಂಡು ಬೆನ್ನಿನ ಎರಡನೆಯ ರೆಕ್ಕೆ ನೋಡಿದೆ. ಗಂಗಾ ಶಾರ್ಕ್‌ನಲ್ಲಿ ಅದು ಮೊದಲನೆಯದರ ಅರ್ಧದಷ್ಟಾದರೂ ಇರುತ್ತದೆ, ಕಣ್ಣು ತೀರಾ ಚಿಕ್ಕದು. ಇದರಲ್ಲಿ ಆ ರೆಕ್ಕೆ ಉಗುರಿನಷ್ಟಿತ್ತು, ಕಣ್ಣು ದೊಡ್ಡದಿತ್ತು. "ಎಲ್ಲಿಯ ಮೀನಕ್ಕಾ, ಅಳಿವೆಯದ್ದೋ?" ಎಂದು ಕೇಳಿದೆ. "ಅಳಿವೆಯಲ್ಲಿ ಈಗ ಎಲ್ಲಿಯ ತಾಟೆ? ಮೊದಲು ನನ್ನ ಅಪ್ಪನ ಬಲೆಗೆ ಬೀಳುತ್ತಿತ್ತು" ಎಂದು ಅವರು ಮಣೆಯ ಮೇಲೆ ಮೀನಿಟ್ಟು, ಒರಟು ಚರ್ಮದ ಮೇಲೆ ಬಿಸಿನೀರು ಹೊಯ್ದರು.