ಟಿಸಿಎಂ ಸುಟ್ಟಿದ್ದೇಕೆಂದು ತಿಳಿಯದೆ ಹೊಸದು ಹಾಕಬೇಡಿ

ಆಟೋಮ್ಯಾಟಿಕ್ ಗೇರಿನ ಎಸ್‌ಯುವಿ ಓಡುತ್ತಿದ್ದ ಹಾಗೆಯೇ ಒಂದೇ ಗೇರಿಗೆ ಕಚ್ಚಿಕೊಳ್ಳುತ್ತದೆ. ಎಷ್ಟು ಒತ್ತಿದರೂ ವೇಗ ಏರುವುದಿಲ್ಲ. ನ್ಯೂಟ್ರಲ್‌ನಿಂದ ಡ್ರೈವ್‌ಗೆ ಹಾಕಿದರೆ ಧಡ್ ಎಂದು ಏಟು ಬೀಳುತ್ತದೆ, ಚೆಕ್ ಇಂಜಿನ್ ದೀಪ ಹತ್ತುತ್ತದೆ. ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಓಡಿ ಮತ್ತೆ ಅದೇ ಪಾಡು. ಇದನ್ನು ಲಿಂಪ್ ಮೋಡ್ ಅನ್ನುತ್ತಾರೆ. ಗೇರ್‌ಬಾಕ್ಸ್‌ನ ಕಂಟ್ರೋಲ್ ಮಾಡ್ಯೂಲಿಗೆ, ಅಂದರೆ ಟಿಸಿಎಂಗೆ, ಯಾವುದೋ ಸಿಗ್ನಲ್ ಮೇಲೆ ನಂಬಿಕೆ ಹೋದಾಗ ಅದು ಸೊಲೆನಾಯ್ಡ್‌ಗಳ (ಎಣ್ಣೆಯ ದಾರಿ ತೆರೆದು ಮುಚ್ಚುವ ವಿದ್ಯುತ್ ವಾಲ್ವ್‌ಗಳ) ಕರೆಂಟ್ ಕಡಿದುಬಿಡುತ್ತದೆ. ಆಗ ಎಣ್ಣೆಯ ದಾರಿಗಳು ತಾವಾಗಿಯೇ ಒಂದು ನಿಗದಿತ ಗೇರಿಗೆ ತೆರೆದುಕೊಳ್ಳುತ್ತವೆ. ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಅದು ಎರಡನೆಯದೋ ಮೂರನೆಯದೋ ಆಗಿರುತ್ತದೆ. ಲೈನ್ ಪ್ರೆಶರ್, ಅಂದರೆ ಗೇರ್‌ಬಾಕ್ಸ್ ಎಣ್ಣೆಯ ಒತ್ತಡ, ಪೂರ್ತಿ ಏರುತ್ತದೆ, ಆ ಏಟು ಬೀಳುವುದು ಅದಕ್ಕೇ. ಕ್ಲಚ್‌ಗಳು ಜಾರಿ ಸುಡದಿರಲೆಂದು ಮಾಡಿರುವ ವ್ಯವಸ್ಥೆ ಇದು. ಹಾಗಾಗಿ ಲಿಂಪ್ ಮೋಡ್ ಕಂಡ ಕೂಡಲೇ ಮಾಡ್ಯೂಲ್ ಹೋಗಿದೆ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಮಾಡ್ಯೂಲ್ ತನ್ನ ಕೆಲಸ ಸರಿಯಾಗಿ ಮಾಡಿರುವುದರ ಲಕ್ಷಣವೂ ಅದಾಗಿರಬಹುದು.

ಸಾದಾ ಸ್ಕ್ಯಾನರ್ ಹಾಕಿದರೆ ಮೊದಲು ಸಿಗುವುದು ಪಿ0700. ಈ ಕೋಡ್ ದೋಷ ಎಲ್ಲಿದೆ ಎಂದು ಹೇಳುವುದೇ ಇಲ್ಲ. ಗೇರ್‌ಬಾಕ್ಸ್ ಕಡೆ ಏನೋ ದಾಖಲಾಗಿದೆ, ಅಲ್ಲಿ ಹೋಗಿ ನೋಡಿ ಎಂದು ಇಂಜಿನ್ ಕಂಪ್ಯೂಟರ್ ಕೊಡುವ ಸೂಚನೆ ಅಷ್ಟೆ. ಟಿಸಿಎಂ ಒಳಗನ್ನೇ ತೆರೆದು ಓದುವ ಸ್ಕ್ಯಾನರ್ ಬೇಕು. ಅಲ್ಲಿ ಪಿ0601, ಪಿ0604, ಪಿ0606, ಪಿ0613 ಇವುಗಳಲ್ಲಿ ಯಾವುದಾದರೂ ಇದ್ದರೆ ಮಾಡ್ಯೂಲಿನ ಮೆಮೊರಿ ಅಥವಾ ಪ್ರೊಸೆಸರ್ ಮೇಲೆ ಅನುಮಾನ ಪಡಲು ಕಾರಣ ಸಿಕ್ಕಿತು ಅನ್ನಿ. ಇಂಜಿನ್ ಕಂಪ್ಯೂಟರಿನಂಥ ಬೇರೆ ಮಾಡ್ಯೂಲಿನಲ್ಲಿ ಯು0101 ಇದ್ದರೆ ಟಿಸಿಎಂ ಜತೆ ಮಾತುಕತೆ ನಿಂತಿದೆ ಎಂದರ್ಥ. ಮಾಡ್ಯೂಲ್ ಸತ್ತಿರಬಹುದು, ಅದಕ್ಕೆ ಸಪ್ಲೈ ಬರದೆಯೂ ಇರಬಹುದು.

ಕೋಡ್‌ಗಳನ್ನು ಬರೆದಿಟ್ಟುಕೊಂಡು ಅಳಿಸಿ, ಕೀಲಿ ಆನ್ ಮಾಡಿ ನೋಡಿ. ಇಂಜಿನ್ ಸ್ಟಾರ್ಟ್ ಆಗುವ ಮೊದಲೇ ಮರಳಿ ಬಂದರೆ ಅದು ವೈರು, ಸೊಲೆನಾಯ್ಡ್ ಒಳಗಿನ ಕಾಯಿಲ್ ಅಥವಾ ಮಾಡ್ಯೂಲಿನ ತೊಂದರೆ. ಗಾಡಿ ಓಡಿಸಿದಾಗ ಮಾತ್ರ ಬರುವ ಪಿ0730 ಸಾಲಿನ ಗೇರ್ ಅನುಪಾತದ ಕೋಡ್‌ಗಳಾದರೆ ಒಳಗೆ ಕ್ಲಚ್ ಜಾರುತ್ತಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಹೊಸ ಮಾಡ್ಯೂಲ್ ಮದ್ದಲ್ಲ.

ಇನ್ನು ಸಪ್ಲೈ ಮತ್ತು ಅರ್ಥ್. ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿಗೇ, ಆದರೆ ಎಲ್ಲರೂ ಅವಸರ ಮಾಡುವುದೂ ಇಲ್ಲೇ. ಮಲ್ಟಿಮೀಟರಿನಲ್ಲಿ 12 ವೋಲ್ಟ್ ಕಂಡರೆ ಸಪ್ಲೈ ಸರಿಯಿದೆ ಎಂದು ಮುಂದೆ ಹೋಗಬೇಡಿ. ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವೈರಿನ ತಂತಿಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಟಿಸಿಎಂ ಕಪ್ಲರ್ (ವೈರುಗಳು ಬಂದು ಸೇರುವ ಪ್ಲಗ್) ಬಿಚ್ಚಿ, ಸಪ್ಲೈ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಜೋಡಿಸಿ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಬಲ್ಬ್ ಪೂರ್ತಿ ಬೆಳಕಿನಲ್ಲಿ ಉರಿದರೆ ದಾರಿ ಸರಿಯಿದೆ. ಮಂಕಾಗಿ ಉರಿದರೆ ಫ್ಯೂಸ್, ರಿಲೇ, ಅರ್ಥ್ ಬೋಲ್ಟ್ ಒಂದೊಂದಾಗಿ ಹುಡುಕಬೇಕು. ಬಲ್ಬಿನ ತಂತಿಯನ್ನು ಪಿನ್ನಿನೊಳಗೆ ಒತ್ತಿ ತುರುಕಬೇಡಿ, ಅಗಲವಾದ ಪಿನ್ ಮುಂದೆ ಇನ್ನೊಂದು ತಲೆನೋವಾಗುತ್ತದೆ. ಕಪ್ಲರ್ ಮತ್ತೆ ಹಾಕಿ, ಕೀಲಿ ಆನ್ ಇರುವಾಗ ಹಿಂಬದಿಯಿಂದ ಅರ್ಥ್ ಪಿನ್ನಿಗೆ ಮೀಟರಿನ ಒಂದು ತುದಿ, ಬ್ಯಾಟರಿಯ ನೆಗೆಟಿವ್‌ಗೆ ಇನ್ನೊಂದು ತುದಿ ಹಿಡಿಯಿರಿ. 0.1 ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ಥ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿ ಮತ್ತೆ ಅಳೆಯಿರಿ. ಬ್ಯಾಟರಿಯೂ ಗಟ್ಟಿಯಾಗಿರಬೇಕು: ಗಾಡಿ ನಿಂತಿದ್ದಾಗ 12.6 ವೋಲ್ಟ್ ಹತ್ತಿರ, ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಸೊರಗಿದ ಬ್ಯಾಟರಿಯಿಂದಲೇ ಮಾಡ್ಯೂಲ್ ಚಿತ್ರವಿಚಿತ್ರ ಕೋಡ್‌ಗಳನ್ನು ಎಸೆಯುವುದುಂಟು.

ಯು0101 ಇದ್ದವರು ಕ್ಯಾನ್ ಲೈನನ್ನೂ, ಅಂದರೆ ಮಾಡ್ಯೂಲ್‌ಗಳು ಒಂದರೊಡನೊಂದು ಮಾತಾಡುವ ಜೋಡಿ ವೈರನ್ನೂ, ಅಳೆಯಬೇಕು. ಬ್ಯಾಟರಿ ನೆಗೆಟಿವ್ ಕಳಚಿ, ಕ್ಯಾನ್ ಹೈ ಮತ್ತು ಕ್ಯಾನ್ ಲೋ ನಡುವೆ ನೋಡಿದರೆ 60 ಓಮ್ ಆಸುಪಾಸು ಬರಬೇಕು. ಎರಡು ಕೊನೆಗಳಲ್ಲೂ 120 ಓಮ್‌ನ ರೆಸಿಸ್ಟರ್ ಇರುವುದರಿಂದ ಈ ಲೆಕ್ಕ. 120 ಬಂದರೆ ಒಂದು ಕೊನೆ ಕಳಚಿದೆ, ಸೊನ್ನೆ ಹತ್ತಿರ ಬಂದರೆ ಎರಡು ವೈರು ಒಂದಕ್ಕೊಂದು ತಗುಲಿವೆ. ಸ್ಕ್ಯಾನರ್ ಜೋಡಿಸುವ ಒಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್‌ಗಳಲ್ಲಿ ಅಳೆಯುವುದು ರೂಢಿ. ಆದರೆ ನಡುವೆ ಲೈನ್‌ಗಳನ್ನು ಬೇರ್ಪಡಿಸುವ ಗೇಟ್‌ವೇ ಮಾಡ್ಯೂಲ್ ಇರುವ ಗಾಡಿಗಳಲ್ಲಿ ಅಲ್ಲಿ ಸಿಗುವ ಓಮ್ ಬೇರೆ ಲೈನಿನದು. ಟಿಸಿಎಂ ಕಪ್ಲರಿನಲ್ಲೇ ಅಳೆದರೆ ಸಂಶಯ ಉಳಿಯುವುದಿಲ್ಲ.

ಇಷ್ಟೆಲ್ಲ ಸರಿಯಿದ್ದು ಮಾಡ್ಯೂಲೇ ಹೋಗಿದೆ ಎಂದು ಖಚಿತವಾದರೂ ಹೊಸದನ್ನು ಕೂರಿಸುವ ಮುಂಚೆ ಸೊಲೆನಾಯ್ಡ್ ಕಾಯಿಲ್‌ಗಳನ್ನು ಅಳೆಯಲೇಬೇಕು. ಅಳೆಯುವುದು ಗೇರ್‌ಬಾಕ್ಸ್ ಬಳಿ ಅಲ್ಲ, ಟಿಸಿಎಂ ಕಪ್ಲರಿನ ವೈರ್ ಕಡೆಯಿಂದ. ಆಗ ದಾರಿಯ ವೈರೂ ಪರೀಕ್ಷೆಗೆ ಒಳಗಾಗುತ್ತದೆ. ಪ್ರೆಶರ್ ಕಂಟ್ರೋಲ್ ಸೊಲೆನಾಯ್ಡ್‌ಗಳು ಸಾಮಾನ್ಯವಾಗಿ 3ರಿಂದ 7 ಓಮ್, ಬರೀ ಆನ್-ಆಫ್ ಮಾಡುವ ಶಿಫ್ಟ್ ಸೊಲೆನಾಯ್ಡ್‌ಗಳು ಅದಕ್ಕಿಂತ ಹೆಚ್ಚು. ಸರಿಯಾದ ಅಂಕಿ ಆಯಾ ಗೇರ್‌ಬಾಕ್ಸ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. 5 ಓಮ್ ಇರಬೇಕಾದ ಕಾಯಿಲ್ ಒಳಗೆ ಶಾರ್ಟ್ ಆಗಿ 1 ಓಮ್‌ಗೆ ಇಳಿದಿದ್ದರೆ, 12 ವೋಲ್ಟ್‌ನಲ್ಲಿ ಅದು 2.4 ಆಂಪಿಯರ್ ಬದಲು 12 ಆಂಪಿಯರ್ ಎಳೆಯಲು ನೋಡುತ್ತದೆ. ಟಿಸಿಎಂ ಒಳಗಿನ ಡ್ರೈವರ್, ಅಂದರೆ ಸೊಲೆನಾಯ್ಡ್‌ಗೆ ಕರೆಂಟ್ ಕೊಡುವ ಭಾಗ, ಸುಡುವುದು ಹೀಗೆ. ಆ ಕಾಯಿಲನ್ನು ಹಾಗೇ ಬಿಟ್ಟರೆ ಹೊಸ ಟಿಸಿಎಂ ಕೂಡ ಅದೇ ದಾರಿ ಹಿಡಿಯುತ್ತದೆ. ಎಣ್ಣೆ ತಣ್ಣಗಿರುವಾಗ ಒಮ್ಮೆ, ಗಾಡಿ ಓಡಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ ಅಳೆಯಿರಿ. ಬಿಸಿಯಾದಾಗ ತಾಮ್ರದ ಓಮ್ ತುಸು ಏರುವುದು ಸಹಜ. ಇಳಿದರೆ ಆ ಕಾಯಿಲ್ ನಂಬಬೇಡಿ.

ಕಪ್ಲರ್ ಬಿಚ್ಚಿದಾಗ ಟಾರ್ಚ್ ಹಿಡಿದು ಪಿನ್‌ಗಳ ಬುಡ ನೋಡಿ. ಹಸಿರು ಕಿಲುಬಿದ್ದರೆ ನೀರು ಬಂದಿದೆ. ವಿಂಡ್‌ಶೀಲ್ಡ್ ಬುಡದ ನೀರು ಹೋಗುವ ತೂತು ಎಲೆ ಕಟ್ಟಿಕೊಂಡಿರುವುದು ಇದಕ್ಕೆ ದೊಡ್ಡ ಕಾರಣ. ಕೆಂಪು ಛಾಯೆಯ ಜಿಡ್ಡು ಹೊಳೆಯುತ್ತಿದ್ದರೆ ಅದು ಗೇರ್ ಎಣ್ಣೆ. ಮರ್ಸಿಡಿಸ್‌ನ 722.6 ಗೇರ್‌ಬಾಕ್ಸ್ ಇದಕ್ಕೆ ಹೆಸರಾದದ್ದು. ಗೇರ್‌ಬಾಕ್ಸ್ ಮೇಲಿನ 13 ಪಿನ್ ಕಪ್ಲರಿನ ಓ-ರಿಂಗ್ (ರಬ್ಬರ್ ಬಳೆ) ಗಟ್ಟಿಯಾಗಿ ಎಣ್ಣೆ ಒಸರುತ್ತದೆ. ದೀಪದ ಬತ್ತಿ ಎಣ್ಣೆ ಹೀರುವಂತೆ ತಾಮ್ರದ ಎಳೆಗಳ ನಡುವೆ ಅದು ಹತ್ತುತ್ತಾ ಹತ್ತುತ್ತಾ ಟಿಸಿಎಂ ತನಕ ಬರುತ್ತದೆ. ಇಂಥ ಕಡೆ ಓ-ರಿಂಗ್ ಇರುವ ಅಡಾಪ್ಟರನ್ನೂ ಬದಲಿಸಿ, ವೈರಿನೊಳಗಿನ ಎಣ್ಣೆ ಇಳಿಯುವಂತೆ ಮಾಡಿ, ಪಿನ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆಯದೆ ಹೊಸ ಮಾಡ್ಯೂಲ್ ಹಾಕಿದರೆ ದುಡ್ಡು ನೀರಿಗೆ ಹಾಕಿದಂತೆ.

ಬದಲಿಸುವ ಕೆಲಸ ಸಣ್ಣದು. ಹಳೆಯದು ಇನ್ನೂ ಮಾತಾಡುತ್ತಿದ್ದರೆ ಅದರ ಕೋಡಿಂಗ್, ಸಾಫ್ಟ್‌ವೇರ್ ಸಂಖ್ಯೆ, ಚಾಸಿ ನಂಬರ್ ಸ್ಕ್ಯಾನರಿನಲ್ಲಿ ಉಳಿಸಿಕೊಳ್ಳಿ. ಬ್ಯಾಟರಿ ನೆಗೆಟಿವ್ ಕಳಚಿ 15 ನಿಮಿಷ ಬಿಡಿ. ಗಾಡಿಯ ಬಾಡಿ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ, ಹೊಸದರ ಪಿನ್‌ಗಳಿಗೆ ಬೆರಳು ತಾಗಿಸಬೇಡಿ. ಕಪ್ಲರಿನ ಲಿವರ್ ಬಲವಂತವಿಲ್ಲದೆ ಮಡಚಿಕೊಳ್ಳಬೇಕು. ಬಿಗಿಯಾದರೆ ಪಿನ್ ಬಾಗಿದೆಯೋ ಎಂದು ತೆಗೆದು ನೋಡಿ.

ಟಿಸಿಎಂ ಗೇರ್‌ಬಾಕ್ಸ್ ಎಣ್ಣೆಯೊಳಗೇ ಕೂತಿರುವ ಗಾಡಿಗಳ ಲೆಕ್ಕ ಬೇರೆ. ಬಿಎಂಡಬ್ಲ್ಯು ಎಕ್ಸ್5, ಲ್ಯಾಂಡ್ ರೋವರ್ ಡಿಸ್ಕವರಿ 3 ಇಂಥವುಗಳಲ್ಲಿ ಬಂದ ಜೆಡ್‌ಎಫ್ 6ಎಚ್‌ಪಿಯಲ್ಲಿ ವಾಲ್ವ್ ಬಾಡಿ (ಎಣ್ಣೆಯ ದಾರಿಗಳೂ ವಾಲ್ವ್‌ಗಳೂ ಇರುವ ಭಾಗ) ಮತ್ತು ಮಾಡ್ಯೂಲ್ ಒಂದೇ ಘಟಕ, ಮೆಕಾಟ್ರಾನಿಕ್. ಎಣ್ಣೆ ಇಳಿಸಿ ಪ್ಯಾನ್ ಬಿಚ್ಚಬೇಕು. ಫಿಲ್ಟರ್ ಪ್ಲಾಸ್ಟಿಕ್ ಪ್ಯಾನಿನಲ್ಲೇ ಸೇರಿರುವುದರಿಂದ ಪ್ಯಾನೂ ಹೊಸದಾಗಬೇಕು, ಕಪ್ಲರ್ ಹಾಯುವ ತೋಳಿನ ಸೀಲೂ ಹೊಸದಾಗಬೇಕು. ನೂಲು ಬಿಡುವ ಬಟ್ಟೆ ಒಳಗೆ ತಾಗಿಸಬಾರದು, ಒಂದು ಎಳೆ ಸಿಕ್ಕಿಕೊಂಡರೆ ವಾಲ್ವ್ ಕಚ್ಚುತ್ತದೆ. ಎಣ್ಣೆಯ ಮಟ್ಟ ನೋಡುವುದು ಇಂಜಿನ್ ಓಡುತ್ತಿರುವಾಗ, ಎಣ್ಣೆ 30ರಿಂದ 50 ಡಿಗ್ರಿ ಸೆಲ್ಸಿಯಸ್ ಒಳಗಿರುವಾಗ ಮಾತ್ರ. ಬಿಸಿ ಎಣ್ಣೆ ಉಬ್ಬುತ್ತದೆ, ಆಗ ತುಂಬಿದಂತೆ ಕಂಡರೂ ತಣ್ಣಗಾದ ಮೇಲೆ ಕಡಿಮೆ ಇರುತ್ತದೆ.

ಹೊಸ ಟಿಸಿಎಂ ಹೆಚ್ಚಾಗಿ ಖಾಲಿ ಬರುತ್ತದೆ. ಸಾಫ್ಟ್‌ವೇರ್ ತುಂಬಿಸಿ ಚಾಸಿ ನಂಬರ್ ಬರೆದ ಮೇಲೆಯೇ ಅದು ಆ ಗಾಡಿಯದಾಗುವುದು. ತುಂಬಿಸುವಾಗ ನಡುವೆ ವೋಲ್ಟೇಜ್ ಕುಸಿದರೆ ಹೊಸ ಮಾಡ್ಯೂಲ್ ಅಲ್ಲೇ ಕೆಟ್ಟು ಕೂರಬಹುದು. ಸಾಮಾನ್ಯ ಬ್ಯಾಟರಿ ಚಾರ್ಜರ್ ಸಾಲದು, ಅದರ ವೋಲ್ಟೇಜ್ ಏರಿಳಿಯುತ್ತದೆ. 13.5 ವೋಲ್ಟ್ ಆಸುಪಾಸಿನಲ್ಲಿ ಅಲ್ಲಾಡದೆ ನಿಲ್ಲುವ ಪವರ್ ಸಪ್ಲೈ ಬೇಕು. ಹೆಡ್‌ಲೈಟ್, ಬ್ಲೋವರ್ ಆಫ್ ಇರಲಿ. ಲ್ಯಾಪ್‌ಟಾಪ್‌ಗೆ ವೈರ್‌ಲೆಸ್ ಬೇಡ, ಕೇಬಲ್ ಹಾಕಿ. ಕೆಲವು ಗೇರ್‌ಬಾಕ್ಸ್‌ಗಳ ಮೇಲೆ ಆಯಾ ಸೊಲೆನಾಯ್ಡ್‌ಗಳ ಗುಣ ತಿಳಿಸುವ ಕೋಡ್ ಅಂಟಿಸಿರುತ್ತಾರೆ, ಟೊಯೋಟಾದಲ್ಲಿ ಇದು ಸಾಮಾನ್ಯ. ಅದನ್ನು ಮಾಡ್ಯೂಲಿಗೆ ಬರೆಯದಿದ್ದರೆ ಗೇರ್ ಬಿದ್ದಾಗಲೆಲ್ಲ ಏಟು ಉಳಿದುಬಿಡುತ್ತದೆ. ಬೇರೆ ಗಾಡಿಯಿಂದ ಕಳಚಿದ ಹಳೆ ಮಾಡ್ಯೂಲ್ ಅಗ್ಗವೆಂದು ತರುವ ಮೊದಲು ಅದಕ್ಕೆ ಬೇರೆ ಚಾಸಿ ನಂಬರ್ ಬರೆಯಲು ಸಾಧ್ಯವೇ ಎಂದು ಖಚಿತಪಡಿಸಿಕೊಳ್ಳಿ. ಎಷ್ಟೋ ಮಾಡ್ಯೂಲ್‌ಗಳು ಒಮ್ಮೆ ಬರೆದರೆ ಮತ್ತೆ ಬದಲಾಗುವುದಿಲ್ಲ.

ಕೊನೆಗೆ ಕಲಿಕೆ: ಹೊಸ ಟಿಸಿಎಂ ಈ ಗೇರ್‌ಬಾಕ್ಸ್‌ಗೆ ಹೊಂದಿಕೊಳ್ಳಬೇಕು. ಸ್ಕ್ಯಾನರಿನಲ್ಲಿ ಹಳೆಯ ಅಡಾಪ್ಟೇಶನ್ (ಕಲಿತಿಟ್ಟ ಹೊಂದಾಣಿಕೆ) ಅಳಿಸಿ, ಎಣ್ಣೆ ಓಡುವ ಬಿಸಿಗೆ ಬರಲಿ. ಬ್ರೇಕ್ ಒತ್ತಿ ಹಿಡಿದು ನ್ಯೂಟ್ರಲ್‌ನಿಂದ ಡ್ರೈವ್, ನ್ಯೂಟ್ರಲ್‌ನಿಂದ ರಿವರ್ಸ್ ಹೀಗೆ ಕೆಲವು ಸಲ, ಪ್ರತಿ ಸಲ ಗೇರ್ ಕೂರುವ ತನಕ ಕಾದು ಬದಲಿಸಿ. ಆಮೇಲೆ ಎಕ್ಸಲರೇಟರನ್ನು ಕಾಲು ಭಾಗದಷ್ಟೇ ಒತ್ತಿ ಎಲ್ಲ ಗೇರುಗಳೂ ಏರುವ ತನಕ ಓಡಿಸಿ, ಬ್ರೇಕ್ ಮೆಲ್ಲಗೆ ಹಾಕಿ ಪೂರ್ತಿ ನಿಲ್ಲಿಸಿ, ಮತ್ತೆ ಹೊರಡಿ. ಹೀಗೆ ಹತ್ತಾರು ಸಲ ಮಾಡುವಷ್ಟರಲ್ಲಿ ಏಟುಗಳು ಮೃದುವಾಗಬೇಕು. ಎರಡು ಮೂರು ದಿನ ಓಡಿಸಿದ ಮೇಲೆ ಟಿಸಿಎಂ ಕೋಡ್‌ಗಳನ್ನು ಇನ್ನೊಮ್ಮೆ ಓದಿ, ಎಣ್ಣೆ ಒಸರಿದ್ದ ಗಾಡಿಯಾದರೆ ಕಪ್ಲರನ್ನೂ ಬಿಚ್ಚಿ ಪಿನ್‌ಗಳ ಬುಡಕ್ಕೆ ಟಾರ್ಚ್ ಹಿಡಿಯಿರಿ.