‘ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ’

ಹುಡುಗಿಗೆ 14 ವರ್ಷ. ಮುಟ್ಟು ಶುರುವಾಗಿ 19 ದಿನ ಆಗಿತ್ತು, ಇನ್ನೂ ನಿಂತಿರಲಿಲ್ಲ. ಆದರೆ ಅಮ್ಮ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಅದಕ್ಕಲ್ಲ. ಸದಾ ತಲೆನೋವು, ಓದಿನ ಕಡೆ ಗಮನ ಇಲ್ಲ, ಯಾವಾಗ ನೋಡಿದರೂ ಮಲಗಿರುತ್ತಾಳೆ ಎಂಬ ದೂರು. ಮಕ್ಕಳ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಬಿಳಿಚಿಕೊಂಡಿದ್ದು ಕಂಡು, ನನ್ನ ಹತ್ತಿರ ಕಳಿಸಿದ್ದರು.

ಮುಟ್ಟಿನ ವಿಷಯ ಕೇಳಿದೆ. ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮನೇ ಉತ್ತರ ಕೊಟ್ಟರು. “ಅದು ಹಾಗೇ ಡಾಕ್ಟ್ರೇ. ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ. ನನಗೂ ಹತ್ತು ಹನ್ನೆರಡು ದಿನ ಹೋಗುತ್ತಿತ್ತು. ನಮ್ಮಮ್ಮನಿಗೂ ಅಷ್ಟೇ.”

ಅವಳ ಹಿಮೋಗ್ಲೋಬಿನ್ 5.8 ಇತ್ತು. ಇರಬೇಕಾದದ್ದು ಕನಿಷ್ಠ 12.

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅಮ್ಮಂದಿರು ಇದನ್ನು ಧೈರ್ಯ ತುಂಬಲು ಹೇಳುತ್ತಾರೆ. ತಾವು ದಾಟಿ ಬಂದಿದ್ದೇವೆ, ಮಗಳೂ ದಾಟುತ್ತಾಳೆ ಎಂಬ ನಂಬಿಕೆ. ನನಗೆ ಮಾತ್ರ ಆ ಮಾತು ಕೇಳಿದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಯಾಕೆ ಅಂತ ಹೇಳುವ ಮೊದಲು ಇನ್ನೊಂದು ಮಾತನ್ನು ಮುಗಿಸಿಬಿಡುತ್ತೇನೆ.

ಆ ಇನ್ನೊಂದು ಮಾತು, “ಈಗ ತಾನೇ ಮೈನೆರೆದಿದ್ದಾಳೆ, ಒಂದೆರಡು ವರ್ಷದಲ್ಲಿ ತಾನೇ ಸರಿಹೋಗುತ್ತದೆ” ಎನ್ನುವುದು. ಇದರಲ್ಲಿ ಅರ್ಧ ನಿಜ ಇದೆ. ಮೊದಲ ಎರಡು ಮೂರು ವರ್ಷ ಪ್ರತಿ ತಿಂಗಳೂ ಅಂಡ ಬಿಡುಗಡೆ ಆಗುವುದಿಲ್ಲ. ಅಂಡ ಬಿಡುಗಡೆ ಆದ ಮೇಲೆಯೇ ಪ್ರೊಜೆಸ್ಟರಾನ್ ಹಾರ್ಮೋನು ಸಾಕಷ್ಟು ಬರುವುದು. ಗರ್ಭಕೋಶದ ಒಳಪದರವನ್ನು ಹದವಾಗಿ ಹಿಡಿದಿಟ್ಟು, ಸಮಯ ಬಂದಾಗ ಒಟ್ಟಿಗೇ ಕಳಚಿಹೋಗುವಂತೆ ಮಾಡುವುದು ಅದೇ. ಅದಿಲ್ಲದಿದ್ದರೆ ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನು ಒಂದೇ ಕೆಲಸ ಮಾಡುತ್ತಾ ಪದರ ದಪ್ಪವಾಗುತ್ತಲೇ ಹೋಗುತ್ತದೆ. ಆಮೇಲೆ ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದು ಚೂರು ಚೂರಾಗಿ ಉದುರುತ್ತದೆ. ಹಾಗಾಗಿ ಡೇಟ್ ಹಿಂದುಮುಂದಾಗುತ್ತದೆ. ಈ ವಯಸ್ಸಿನಲ್ಲಿ 21 ದಿನಕ್ಕೆ ಬಂದರೂ, 45 ದಿನಕ್ಕೆ ಬಂದರೂ ನಾವು ಗಾಬರಿಯಾಗುವುದಿಲ್ಲ.

ಆದರೆ ಈ ರಿಯಾಯಿತಿ ಡೇಟಿಗೆ ಮಾತ್ರ. ಎಷ್ಟು ದಿನ ಹೋಗುತ್ತದೆ, ಎಷ್ಟು ರಕ್ತ ಹೋಗುತ್ತದೆ ಎನ್ನುವುದಕ್ಕೆ ಯಾವ ರಿಯಾಯಿತಿಯೂ ಇಲ್ಲ. ದಯವಿಟ್ಟು ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಏಳು ದಿನ ಮೀರಿ ಹೋಗುವುದು 30ರ ಹೆಂಗಸಿಗೆ ಹೇಗೆ ಸರಿಯಲ್ಲವೋ 13ರ ಹುಡುಗಿಗೂ ಹಾಗೇ ಸರಿಯಲ್ಲ. ಗಂಟೆ ಎರಡು ಗಂಟೆಗೊಂದು ಪ್ಯಾಡ್ ತುಂಬುವುದೂ ಅಷ್ಟೇ. ಕಾರಣ ಹಾರ್ಮೋನಿನ ಎಳಸುತನವೇ ಇರಬಹುದು, ಇನ್ನೆರಡು ವರ್ಷದಲ್ಲಿ ಅದು ಸರಿಹೋಗಲೂಬಹುದು. ಆದರೆ ಆ ಎರಡು ವರ್ಷ ಹೋಗುವ ರಕ್ತ ಹೋಗುತ್ತಲೇ ಇರುತ್ತದೆ, ಅಲ್ವಾ?

“ಜಾಸ್ತಿ ಹೋಗುತ್ತಾ?” ಎಂದು ಹುಡುಗಿಯರನ್ನು ಕೇಳುವುದನ್ನೇ ನಾನು ಬಿಟ್ಟಿದ್ದೇನೆ. ಅವಳಿಗೆ ಗೊತ್ತಿರುವುದು ಅವಳದೊಂದೇ. ಯಾವುದಕ್ಕೆ ಹೋಲಿಸಿ ಜಾಸ್ತಿ ಅನ್ನಬೇಕು ಪಾಪ? ಅದರ ಬದಲು ಬೇರೆ ಥರ ಕೇಳುತ್ತೇನೆ. ರಾತ್ರಿ ಪ್ಯಾಡ್ ಬದಲಿಸಲು ಏಳಬೇಕಾಗುತ್ತಾ? ಒಂದರ ಮೇಲೊಂದು ಎರಡು ಪ್ಯಾಡ್ ಇಡುತ್ತೀಯಾ? ಹಾಸಿಗೆಗೆ ಕಲೆ ಆಗುತ್ತೆ ಅಂತ ಬಟ್ಟೆ ಹಾಸಿಕೊಂಡು ಮಲಗುತ್ತೀಯಾ? ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ಹೆಪ್ಪುಗಳು ಬರುತ್ತವಾ? ಆ ದಿನಗಳಲ್ಲಿ ಶಾಲೆಗೆ, ಆಟಕ್ಕೆ ಹೋಗದೇ ಇರುತ್ತೀಯಾ? ಒಬ್ಬ ಹುಡುಗಿ “ಜಾಸ್ತಿ ಏನಿಲ್ಲ” ಅಂದವಳು, ಈ ಪ್ರಶ್ನೆಗಳಿಗೆ ಒಂದಾದ ಮೇಲೊಂದು ಹೂಂ ಹೂಂ ಅನ್ನುತ್ತಾ ಹೋದಳು. ರಾತ್ರಿ ಎರಡು ಗಂಟೆಗೂ ನಾಲ್ಕು ಗಂಟೆಗೂ ಅಲಾರಂ ಇಟ್ಟು ಮಲಗುತ್ತಿದ್ದಳಂತೆ. ಮನೆಯವರಿಗೆ ಗೊತ್ತೇ ಇರಲಿಲ್ಲ.

ಪುಸ್ತಕದ ಪ್ರಕಾರ ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ, 80 ದಾಟಿದರೆ ಅದು ಜಾಸ್ತಿ. ಮನೆಯಲ್ಲಿ ಅಳೆಯುವವರು ಯಾರು? ಅದಕ್ಕೆ ನಾನು ಒಂದು ಹಾಳೆ ಕೊಡುತ್ತೇನೆ. ಪೂರ್ತಿ ನೆನೆದ ಪ್ಯಾಡಿಗೆ 20 ಅಂಕ, ಅರ್ಧಂಬರ್ಧ ನೆನೆದದ್ದಕ್ಕೆ 5, ಸ್ವಲ್ಪ ಕಲೆಯಾದದ್ದಕ್ಕೆ 1. ಒಂದು ಮುಟ್ಟಿನ ಎಲ್ಲ ದಿನಗಳದ್ದನ್ನೂ ಕೂಡಿಸಿದಾಗ 100 ದಾಟಿದರೆ 80 ಮಿಲಿಲೀಟರ್ ದಾಟಿರುವ ಸಾಧ್ಯತೆ ಹೆಚ್ಚು. ಇದು ಅಂದಾಜು ಅಷ್ಟೇ, ತೀರ್ಪಲ್ಲ. ಆದರೆ ಆ ಹಾಳೆ ಕೈಯಲ್ಲಿದ್ದರೆ ನಾಚಿಕೊಳ್ಳುವ ಹುಡುಗಿಯೂ ಬಾಯಿ ಬಿಡದೆ ಎಲ್ಲ ಹೇಳಿಬಿಡಬಹುದು.

5.8 ಇದ್ದ ಹುಡುಗಿ ನಡೆದುಕೊಂಡೇ ಒಳಗೆ ಬಂದಿದ್ದಳು. ಅಷ್ಟು ರಕ್ತ ಒಂದೇ ದಿನ ಹೋಗಿದ್ದರೆ ನಿಲ್ಲಲೂ ಆಗುತ್ತಿರಲಿಲ್ಲ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಹೋದದ್ದರಿಂದ ಮೈ ಅದಕ್ಕೆ ಒಗ್ಗಿಕೊಂಡಿತ್ತು. ಹೊರಗೆ ಕಾಣುವುದು ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಬಡಿತ, ತಲೆನೋವು, ಸಿಡುಕು. ಕೆಲವರಿಗೆ ಐಸ್ ತುಂಡು, ಸೀಮೆಸುಣ್ಣ ತಿನ್ನುವ ಆಸೆ. ಮನೆಯವರು ಇದಕ್ಕೆಲ್ಲ ಸೋಮಾರಿತನ ಅನ್ನುತ್ತಾರೆ. ಅದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ರಕ್ತ ಇಲ್ಲದ ಮಗು ಓದಲು ಕೂತರೆ ಅಕ್ಷರ ಹೇಗೆ ತಲೆಗೆ ಹತ್ತೀತು? ಹಿಮೋಗ್ಲೋಬಿನ್ ಸರಿಯಿದೆ ಎಂದೂ ಸುಮ್ಮನಾಗಬೇಡಿ. ದೇಹದ ಕಬ್ಬಿಣದ ಉಗ್ರಾಣ ಖಾಲಿಯಾದ ಮೇಲೆಯೇ ಹಿಮೋಗ್ಲೋಬಿನ್ ಇಳಿಯುವುದು. ಆ ಉಗ್ರಾಣ ನೋಡಲು ಫೆರಿಟಿನ್ ಎಂಬ ಪರೀಕ್ಷೆ ಇದೆ, ಅದನ್ನು ಕೇಳಿ ಮಾಡಿಸಿಕೊಳ್ಳಿ.

ಈಗ ಮೊದಲಿನ ಮಾತಿಗೆ ಬರುತ್ತೇನೆ. ನಾನು ಆ ಅಮ್ಮನನ್ನು ಕೇಳಿದೆ, “ನೀವು ಯಾವಾಗಲಾದರೂ ಹಲ್ಲು ಕೀಳಿಸಿದ್ದೀರಾ?” ಅವರಿಗೆ ಆಶ್ಚರ್ಯ. ಕೀಳಿಸಿದ್ದರು. ಎರಡು ದಿನ ರಕ್ತ ನಿಂತಿರಲಿಲ್ಲ, ಮತ್ತೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದಿದ್ದರು. ಹೆರಿಗೆಯಾದಾಗ? ರಕ್ತ ಕೊಡಬೇಕಾಗಿ ಬಂದಿತ್ತು. ಮಗಳಿಗೆ ಚಿಕ್ಕಂದಿನಲ್ಲಿ ಮೂಗಿನಿಂದ ರಕ್ತ? “ಹೂಂ, ಅದು ಬಿಸಿಲಿಗೆ. ಅದಕ್ಕೂ ಇದಕ್ಕೂ ಏನು ಸಂಬಂಧ ಡಾಕ್ಟ್ರೇ?”

ಸಂಬಂಧ ಇರುವುದು ರಕ್ತದಲ್ಲೇ. ಕೆಲವರಿಗೆ ಹುಟ್ಟಿನಿಂದಲೇ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅದರಲ್ಲಿ ಹೆಚ್ಚು ಕಾಣುವುದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ರಕ್ತನಾಳಕ್ಕೆ ಗಾಯವಾದ ಕಡೆ ರಕ್ತ ನಿಲ್ಲಿಸುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳನ್ನು ಅಂಟಿಸುವ ಒಂದು ಪ್ರೋಟೀನು ಇವರಲ್ಲಿ ಕಡಿಮೆ ಇರುತ್ತದೆ, ಇಲ್ಲವೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಷ್ಟೋ ಜನರಲ್ಲಿ ಇದು ಎಷ್ಟು ಸೌಮ್ಯ ಎಂದರೆ ಗಂಡುಮಕ್ಕಳಿಗೆ ಜೀವಮಾನವಿಡೀ ಗೊತ್ತೇ ಆಗದಿರಬಹುದು. ಹೆಣ್ಣುಮಕ್ಕಳಿಗೆ ಮೊದಲ ದೊಡ್ಡ ಪರೀಕ್ಷೆ ಮುಟ್ಟು. ತೀರಾ ಜಾಸ್ತಿ ಮುಟ್ಟು ಎಂದು ಬರುವ ಹದಿಹರೆಯದವರಲ್ಲಿ ಐದರಲ್ಲಿ ಒಬ್ಬರವರೆಗೆ ಇಂಥ ಯಾವುದಾದರೊಂದು ಹೆಪ್ಪುಗಟ್ಟುವಿಕೆಯ ತೊಂದರೆ ಸಿಗಬಹುದು.

ಈ ಕಾಯಿಲೆ ಪತ್ತೆಯಾದ ಕಥೆಯನ್ನು ನಾನು ಕಿರಿಯ ಡಾಕ್ಟರುಗಳಿಗೆ ತಪ್ಪದೆ ಹೇಳುತ್ತೇನೆ. ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳಿಂದ ಐದು ವರ್ಷದ ಒಂದು ಹುಡುಗಿಯನ್ನು ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಅವರ ಬಳಿ ಕರೆತಂದಿದ್ದರು. ಅವಳ ಅಕ್ಕತಂಗಿಯರಲ್ಲಿ ಕೆಲವರು ಆಗಲೇ ರಕ್ತಸ್ರಾವದಿಂದ ತೀರಿಕೊಂಡಿದ್ದರು. ಆತ ಒಬ್ಬಳನ್ನೇ ನೋಡಿ ಬಿಡಲಿಲ್ಲ, ಇಡೀ ಕುಟುಂಬವನ್ನು ವಿಚಾರಿಸಿದರು. 1926ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಆ ಹುಡುಗಿ 13ನೇ ವಯಸ್ಸಿನಲ್ಲಿ ಸತ್ತಳು. ನಾಲ್ಕನೇ ಮುಟ್ಟಿನಲ್ಲಿ, ರಕ್ತ ನಿಲ್ಲದೆ.

ಆಗ ಔಷಧಿ ಇರಲಿಲ್ಲ. ಈಗ ಇದೆ. ಅದಕ್ಕೇ ‘ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ’ ಎಂಬ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ಎಲ್ಲರಿಗೂ ಹೀಗೇ ಅಂದರೆ ಎಲ್ಲರಲ್ಲೂ ಒಂದೇ ತೊಂದರೆ ಇರಬಹುದು, ಯಾರೂ ತೋರಿಸಿಕೊಂಡಿಲ್ಲ ಅಂತಲೂ ಆಗುತ್ತದೆ. ಅಪ್ಪನ ಕಡೆಯವರನ್ನೂ ವಿಚಾರಿಸಿ. ಇದು ಅಪ್ಪನಿಂದಲೂ ಬರುತ್ತದೆ. ಹತ್ತು ನಿಮಿಷ ಮೀರಿ ಮೂಗಿನ ರಕ್ತ ಸುರಿಯುವುದು, ಸುಮ್ಸುಮ್ನೆ ಮೈಮೇಲೆ ನೀಲಿಗಟ್ಟುವುದು, ವಸಡಿನ ರಕ್ತ, ಆಪರೇಷನ್ ಆದ ಮೇಲೆ ರಕ್ತ ನಿಲ್ಲದಿರುವುದು, ಇವೆಲ್ಲ ಮುಖ್ಯ. ಮೊಟ್ಟಮೊದಲ ಮುಟ್ಟೇ ಜೋರಾಗಿ ಹೋಗಿದ್ದರೆ ಅದಂತೂ ಇನ್ನೂ ಮುಖ್ಯ.

ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಮನೆಯಲ್ಲಿ ನಾಲ್ಕು ಜನಕ್ಕೆ ಜಾಸ್ತಿ ಹೋಗುತ್ತದೆ ಅಂದ ಮಾತ್ರಕ್ಕೆ ಇದೇ ಕಾಯಿಲೆ ಅಂತಲ್ಲ. ಥೈರಾಯ್ಡ್ ಇರಬಹುದು, ಅಂಡಾಶಯದ ಹಾರ್ಮೋನು ಏರುಪೇರಾಗುವ ಪಿಸಿಓಎಸ್ ಇರಬಹುದು, ಬರೀ ಎಳೆ ವಯಸ್ಸಿನ ಹಾರ್ಮೋನೇ ಇರಬಹುದು. ಅದಕ್ಕೆ ಪರೀಕ್ಷೆ. ರಕ್ತ ಹೆಪ್ಪುಗಟ್ಟುವ ಮಾಮೂಲಿ ಪರೀಕ್ಷೆಗಳು ಈ ಕಾಯಿಲೆಯಲ್ಲಿ ಸರಿಯಾಗಿಯೇ ಬರಬಹುದು. ವಾನ್ ವಿಲ್ಲೆಬ್ರಾಂಡ್ ಪ್ರೋಟೀನನ್ನೇ ಅಳೆಯಬೇಕು. ಅದೂ ಜ್ವರ, ಗಾಬರಿ, ಹಾರ್ಮೋನ್ ಮಾತ್ರೆಗಳಿಂದ ತಾತ್ಕಾಲಿಕವಾಗಿ ಏರುತ್ತದೆ. ಮತ್ತೊಮ್ಮೆ ಮಾಡಿಸಿ ಎಂದರೆ ಬೇಸರ ಮಾಡಿಕೊಳ್ಳಬೇಡಿ.

ಎಷ್ಟೋ ಜನ ಮಗಳನ್ನು ಕರೆತರದೆ ಇರುವುದು ಒಳಗಿನ ತಪಾಸಣೆಯ ಭಯಕ್ಕೆ. ಸಾಮಾನ್ಯವಾಗಿ ಅದು ಬೇಕಾಗುವುದೇ ಇಲ್ಲ. ಮಾತು, ರಕ್ತ ಪರೀಕ್ಷೆ, ಬೇಕೆನಿಸಿದರೆ ಹೊಟ್ಟೆಯ ಮೇಲಿನಿಂದ ಸ್ಕ್ಯಾನ್. ಹುಡುಗಿ ಒಬ್ಬಳ ಜೊತೆಯೇ ಐದು ನಿಮಿಷ ಮಾತಾಡುತ್ತೇನೆ, ಗರ್ಭ ಪರೀಕ್ಷೆಯನ್ನೂ ಮಾಡಿಸುತ್ತೇನೆ. ಇದು ಯಾರ ಮೇಲಿನ ಅನುಮಾನವೂ ಅಲ್ಲ, ಎಲ್ಲರಿಗೂ ಮಾಡುವುದು. ಚಿಕಿತ್ಸೆಗೆ ರಕ್ತ ಹೋಗುವುದನ್ನು ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್, ಹಾರ್ಮೋನ್ ಮಾತ್ರೆ, ಜೊತೆಗೆ ಕಬ್ಬಿಣ. ಹಾರ್ಮೋನ್ ತಗೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎನ್ನುವುದು ಸುಳ್ಳು. ಕಬ್ಬಿಣದ ಮಾತ್ರೆಯನ್ನು ಮುಖಕ್ಕೆ ಕಳೆ ಬಂದ ಕೂಡಲೇ ನಿಲ್ಲಿಸಬೇಡಿ, ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಬೇಕು. ಹೊಟ್ಟೆನೋವಿಗೆ ಆಸ್ಪಿರಿನ್ ಕೊಡಲೇಬೇಡಿ. ಐಬುಪ್ರೊಫೇನ್ ಥರದ್ದನ್ನೂ, ಹೆಪ್ಪುಗಟ್ಟುವ ತೊಂದರೆಯ ಅನುಮಾನ ಇದ್ದರೆ, ಕೇಳದೆ ಕೊಡಬೇಡಿ.

ಇಷ್ಟೆಲ್ಲ ಅಪಾಯಿಂಟ್‌ಮೆಂಟ್ ತಗೊಂಡು ನಿಧಾನವಾಗಿ ಮಾಡುವ ಕೆಲಸ. ಆದರೆ ಗಂಟೆಗೊಂದು ಪ್ಯಾಡ್ ಪೂರ್ತಿ ತುಂಬುತ್ತಾ ಎರಡು ಗಂಟೆ ಕಳೆದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಮೂರ್ಛೆ ಹೋದರೆ, ಸುಮ್ಮನೆ ಕೂತಾಗಲೂ ಎದೆ ಹೊಡೆದುಕೊಳ್ಳುತ್ತಿದ್ದರೆ, ಗರ್ಭ ನಿಂತಿರುವ ಸಾಧ್ಯತೆ ಇದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ತುರ್ತು ವಿಭಾಗಕ್ಕೆ ಹೊರಡಿ.

ಆ ಹುಡುಗಿಗೆ ರಕ್ತ ಕೊಟ್ಟೆವು. ಮೂರನೇ ದಿನಕ್ಕೆ ಬ್ಲೀಡಿಂಗ್ ನಿಂತಿತು. ಪರೀಕ್ಷೆಯಲ್ಲಿ ವಾನ್ ವಿಲ್ಲೆಬ್ರಾಂಡ್ ಪ್ರೋಟೀನು ಕಡಿಮೆ ಇತ್ತು, ಎರಡನೇ ಸಲವೂ ಕಡಿಮೆಯೇ. ಆಮೇಲೆ ಅಮ್ಮನದೂ ಮಾಡಿಸಿದೆವು. ಅವರದೂ ಹಾಗೇ ಬಂತು. ರಿಪೋರ್ಟ್ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದರು. ಆಮೇಲೆ ಕೇಳಿದರು, “ಡಾಕ್ಟ್ರೇ, ನನ್ನ ತಂಗಿಗೆ ಬರುವ ವಾರ ಗರ್ಭಕೋಶ ತೆಗೆಯುವ ಆಪರೇಷನ್ ಇದೆ. ಅವಳಿಗೂ ಇದೇ ಥರ ಬ್ಲೀಡಿಂಗ್. ಏನು ಮಾಡಲಿ?”

ಇಲ್ಲಿಂದಲೇ ಅವರಿಗೆ ಫೋನ್ ಮಾಡಿ ಎಂದೆ. ಮೊದಲು ಈ ರಕ್ತ ಪರೀಕ್ಷೆ, ಆಪರೇಷನ್ ಮಾತು ಆಮೇಲೆ.