ಹೆದ್ದಾರಿಯಲ್ಲಿ ನಡುಗುವ ಸ್ಟೇರಿಂಗ್ ಮತ್ತು ಅಲೈನ್‌ಮೆಂಟ್ ಎಂಬ ತಪ್ಪು ಮದ್ದು

"ಎಂಬತ್ತ ದಾಟಿತಂದ್ರ ಸ್ಟೇರಿಂಗ್ ನಡಗತೈತ್ರಿ, ಒಂದ್ ಸಲ ಅಲೈನ್‌ಮೆಂಟ್ ಮಾಡಿಕೊಡ್ರಿ" ಎಂದು ಕೇಳಿಕೊಂಡು ಬರುವವರು ಹುಬ್ಬಳ್ಳಿಯ ಯಾವ ಟೈರಿನ ಅಂಗಡಿಗೂ ಹೊಸಬರಲ್ಲ. ಅವರು ಹೇಳುವ ದೂರು ನಿಜ. ಕೇಳುವ ಪರಿಹಾರ ಮಾತ್ರ ಬಹುಪಾಲು ತಪ್ಪಾಗಿರುತ್ತದೆ. ಗಾಲಿಗಳು ರಸ್ತೆಗೆ ಮತ್ತು ಒಂದಕ್ಕೊಂದಕ್ಕೆ ಯಾವ ಕೋನದಲ್ಲಿ ನಿಲ್ಲಬೇಕು ಎಂಬುದನ್ನು ಹೊಂದಿಸುವ ಕೆಲಸವೇ ಅಲೈನ್‌ಮೆಂಟ್. ಅದು ಕೆಟ್ಟರೆ ಗಾಡಿ ಒಂದು ಬದಿಗೆ ಎಳೆಯುತ್ತದೆ, ನೇರ ರಸ್ತೆಯಲ್ಲಿಯೂ ಸ್ಟೇರಿಂಗ್ ಓರೆಯಾಗಿ ನಿಲ್ಲುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಆದರೆ ಕೋನ ತಪ್ಪಿತೆಂಬ ಒಂದೇ ಕಾರಣಕ್ಕೆ ಗಾಲಿ ನಡುಗುವುದಿಲ್ಲ. ನಡುಗಬೇಕಾದರೆ ತಿರುಗುವ ಭಾಗವೊಂದರಲ್ಲಿ ಸುತ್ತಿಗೊಮ್ಮೆ ಮರಳಿ ಬರುವ ದೋಷವಿರಬೇಕು: ಒಂದು ಕಡೆ ತೂಕ ಹೆಚ್ಚಿರಬೇಕು, ಇಲ್ಲವೇ ಅದರ ದುಂಡುತನ ಕೆಟ್ಟಿರಬೇಕು, ಇಲ್ಲವೇ ಅದು ತನ್ನ ಕೇಂದ್ರದಲ್ಲಿ ಸರಿಯಾಗಿ ಕೂತಿರಬಾರದು. ಬಹುಕಾಲ ಕೋನ ತಪ್ಪಿಯೇ ಓಡಿದ ಗಾಡಿಯ ಟೈರು ಅಲ್ಲಲ್ಲಿ ತಗ್ಗುಬಿದ್ದಂತೆ ಸವೆದು, ಆ ಸವೆತದಿಂದ ನಡುಕ ಹುಟ್ಟುವುದುಂಟು. ಆಗಲೂ ಅಲೈನ್‌ಮೆಂಟ್ ಮಾಡಿದ ಮಾತ್ರಕ್ಕೆ ಹೋದ ರಬ್ಬರ್ ಮರಳಿ ಬರುವುದಿಲ್ಲ.

ಈ ನಡುಕ ಊರೊಳಗೆ ಕಾಣದೆ ಹೆದ್ದಾರಿಯಲ್ಲಿಯೇ ಏಕೆ ಕಾಣಿಸುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಅನೇಕ ಕಾರುಗಳಲ್ಲಿರುವ 185/65 ಆರ್ 15 ಅಳತೆಯ ಟೈರಿನ ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 90 ಕಿಲೋಮೀಟರ್ ಎಂದರೆ ಸೆಕೆಂಡಿಗೆ 25 ಮೀಟರ್. ಅಂದರೆ ಆ ವೇಗದಲ್ಲಿ ಗಾಲಿ ಸೆಕೆಂಡಿಗೆ ಸುಮಾರು 13 ಸುತ್ತು ಹಾಕುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ 30 ಗ್ರಾಂ ತೂಕ ಹೆಚ್ಚಿದೆ ಎಂದುಕೊಳ್ಳಿ. 45ರ ವೇಗದಲ್ಲಿ ಅದು ಗಾಲಿಯನ್ನು ಹೊರಕ್ಕೆ ಎಳೆಯುವ ಬಲ ಒಂದು ಕಿಲೋ ತೂಕಕ್ಕಿಂತ ಕಡಿಮೆ. 90ಕ್ಕೆ ಬಂದಾಗ ಅದು ನಾಲ್ಕು ಪಟ್ಟಾಗಿ ನಾಲ್ಕು ಕಿಲೋ ಸಮೀಪಕ್ಕೆ ಬರುತ್ತದೆ; 120ರಲ್ಲಿ ಆರೂವರೆ ಕಿಲೋ ದಾಟುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಇದರ ಜೊತೆಗೆ ಗಾಲಿ, ಅದನ್ನು ಕೂರಿಸುವ ಹಬ್ ಮತ್ತು ಸಸ್ಪೆನ್ಷನ್ ಒಟ್ಟಾಗಿ ತಮ್ಮಷ್ಟಕ್ಕೆ ಜಿಗಿಯುವ ಒಂದು ಸಹಜ ಲಯವಿರುತ್ತದೆ, ಅದು ಕಾರುಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15 ಸಲ. ಗಾಲಿಯ ಸುತ್ತು ಈ ಲಯಕ್ಕೆ ಹೊಂದಿಕೊಂಡಾಗ ಸಣ್ಣ ಎಳೆತವೂ ದೊಡ್ಡ ನಡುಕವಾಗುತ್ತದೆ, ಮತ್ತು ಅದು ಹೊಂದಿಕೊಳ್ಳುವುದು ಹೆಚ್ಚುಕಡಿಮೆ 80ರಿಂದ 110ರ ನಡುವೆ. "ನೂರಾ ಹತ್ತ ದಾಟಿಸಿದ್ರ ನಿಂತ್ ಬಿಡತೈತ್ರಿ" ಎಂದು ಹೇಳಿ, ನಡುಕ ತಪ್ಪಿಸಲು ಇನ್ನಷ್ಟು ಜೋರಾಗಿ ಓಡಿಸುವವರಿದ್ದಾರೆ. ನಿಂತದ್ದು ಕೈಗೆ ಗೊತ್ತಾಗುವ ನಡುಕ ಮಾತ್ರ. ಗಾಲಿ ತಿರುಗುವ ಬೇರಿಂಗಿಗೂ ಅದನ್ನು ಹಿಡಿದಿರುವ ಬಾಲ್ ಜಾಯಿಂಟಿಗೂ ಬೀಳುವ ಹೊಡೆತ ಆ ವೇಗದಲ್ಲಿ ಇನ್ನೂ ಹೆಚ್ಚಾಗಿರುತ್ತದೆ.

ಆದ್ದರಿಂದ ಗಾಡಿಯನ್ನು ಲಿಫ್ಟಿಗೆ ಏರಿಸುವ ಮೊದಲು ಅದರ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಬ್ಬೂರು ಕ್ರಾಸ್ ದಾಟಿ ವರೂರಿನ ಕಡೆಗೆ ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿಬರುವುದನ್ನು ನಾನು ಬಿಡುವುದಿಲ್ಲ. ಊರೊಳಗಿನ ಗೋಕುಲ ರಸ್ತೆಯ ಸಂಚಾರದಲ್ಲಿ ಈ ದೋಷ ಕೈಗೆ ಸಿಗುವುದಿಲ್ಲ. ದಾರಿಯಲ್ಲಿ ನೋಡಬೇಕಾದದ್ದು, ನಡುಕ ಯಾವ ವೇಗದಲ್ಲಿ ಹುಟ್ಟುತ್ತದೆ, ಎಲ್ಲಿ ತಗಲುತ್ತದೆ, ಯಾವ ಪೆಡಲ್ ಒತ್ತಿದಾಗ ಹೆಚ್ಚುತ್ತದೆ ಎಂಬುದನ್ನು. ಸ್ಟೇರಿಂಗ್ ಎಡಬಲಕ್ಕೆ ಅಲುಗಾಡಿದರೆ ಮುಂದಿನ ಗಾಲಿಗಳ ಮೇಲೆ ಗುಮಾನಿ. ಸ್ಟೇರಿಂಗ್ ಶಾಂತವಾಗಿದ್ದು ಸೀಟು ಮತ್ತು ಕಾಲಡಿಯ ತಗಡು ನಡುಗಿದರೆ ಹಿಂದಿನ ಗಾಲಿಗಳನ್ನು ಮೊದಲು ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಗಾಲಿಯನ್ನು ಬಿಟ್ಟು ಬ್ರೇಕ್ ಡಿಸ್ಕಿನ ಕಡೆ ಹೋಗಬೇಕು. ಡಿಸ್ಕಿನ ದಪ್ಪದಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗದಷ್ಟು ಏರಿಳಿತವಿದ್ದರೂ ಪೆಡಲಿಗೂ ಸ್ಟೇರಿಂಗಿಗೂ ಅದು ತಲುಪುತ್ತದೆ. ಎಕ್ಸಲರೇಟರ್ ಒತ್ತಿ ಎಳೆಯುವಾಗ ನಡುಗಿ, ಕಾಲು ತೆಗೆದ ಕೂಡಲೇ ನಿಂತರೆ ಮುಂದಿನ ಗಾಲಿಗೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಒಳಬದಿಯ ಜಾಯಿಂಟ್ ಸವೆದಿರಬಹುದು. ಒಂದೇ ವೇಗವನ್ನು ನಾಲ್ಕನೇ ಗೇರಿನಲ್ಲಿಯೂ ಐದನೇ ಗೇರಿನಲ್ಲಿಯೂ ಹಿಡಿದು ನೋಡಿದಾಗ ನಡುಕ ಬದಲಾದರೆ ಅದು ಗಾಲಿಯದಲ್ಲ, ಎಂಜಿನ್ನಿನದೋ ಅದನ್ನು ಹಿಡಿದು ಕೂರಿಸುವ ಮೌಂಟಿನದೋ ಆಗಿರುತ್ತದೆ, ಏಕೆಂದರೆ ಗೇರ್ ಬದಲಿಸಿದರೆ ಎಂಜಿನ್ನಿನ ಸುತ್ತು ಬದಲಾಗುತ್ತದೆಯೇ ಹೊರತು ಗಾಲಿಯ ಸುತ್ತು ಬದಲಾಗುವುದಿಲ್ಲ. ಬೊಲೆರೊ, ಓಮ್ನಿಯಂತಹ ಹಿಂದಿನ ಗಾಲಿಯಿಂದ ನಡೆಯುವ ಗಾಡಿಗಳಲ್ಲಿ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಾಲಿಗಿಂತ ಸುಮಾರು ನಾಲ್ಕು ಪಟ್ಟು ಜೋರಾಗಿ ತಿರುಗುವುದರಿಂದ, ಅದರ ದೋಷವು ಕೈ ಅಲುಗಾಡಿಸುವ ನಡುಕಕ್ಕಿಂತ ಕಿವಿಯಲ್ಲಿ ಗುಂಯ್ ಎನ್ನುವ ಕಂಪನವಾಗಿ ತಿಳಿಯುತ್ತದೆ.

ಇಷ್ಟಾದ ಮೇಲೂ ನಮ್ಮ ಭಾಗದಲ್ಲಿ ಅತಿ ಸಾಮಾನ್ಯವಾದ ಕಾರಣ ಗಾಲಿಯ ತೂಕದ ಅಸಮತೋಲವೇ, ಅದರಲ್ಲೂ ಮಳೆಗಾಲದಲ್ಲಿ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರೆಭೂಮಿಯ ಹೊಲದ ದಾರಿಗಳಲ್ಲಿ ಓಡಾಡಿದ ಗಾಡಿಗಳ ಕತೆಯನ್ನು ಬೇರೆಯಾಗಿಯೇ ಹೇಳಬೇಕು. ಮಸಾರಿಯ ಕೆಂಪು ಮಣ್ಣು ಒಣಗಿದ ಮೇಲೆ ಉದುರಿ ಹೋಗುತ್ತದೆ. ಎರೆಮಣ್ಣು ಹಾಗೆ ಬಿಡುವುದಲ್ಲ. ಹಸಿಯಿದ್ದಾಗ ರಿಮ್ಮಿನ ಒಳಬದಿಗೆ ಮೆತ್ತಿಕೊಂಡು, ಗಾಡಿ ರಾತ್ರಿ ನಿಂತಾಗ ತೆಳ್ಳನೆಯ ಕೆಸರು ಕೆಳಗಿಳಿದು ಒಂದೇ ಕಡೆ ಸೇರಿ, ಮರುದಿನದ ಬಿಸಿಲಿಗೆ ಅಲ್ಲಿಯೇ ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ನೀರು ಹೊಡೆಸಿಕೊಂಡು ಬಂದ ಗಾಡಿಯಲ್ಲೂ ಅದು ಉಳಿದಿರುತ್ತದೆ, ಏಕೆಂದರೆ ತೊಳೆಯುವವರು ಗಾಲಿಯ ಹೊರಮುಖಕ್ಕೆ ನೀರು ಬಿಡುತ್ತಾರೆಯೇ ಹೊರತು ಒಳಬದಿಗೆ ಕೈ ಹಾಕುವುದು ಅಪರೂಪ. ನವಲಗುಂದದ ಕಡೆಯಿಂದ ಬಂದ ಒಂದು ಹ್ಯಾಚ್‌ಬ್ಯಾಕಿಗೆ ಬೇರೆಡೆ ಎರಡೆರಡು ಸಲ ಅಲೈನ್‌ಮೆಂಟ್ ಆಗಿತ್ತು, ಹೊಸ ಟೈರಿನ ಮಾತೂ ನಡೆದಿತ್ತು. ಗಾಲಿ ಬಿಚ್ಚಿ ನೆಲಕ್ಕೆ ಮಲಗಿಸಿದಾಗ ಒಳಬದಿಯಲ್ಲಿ ಅಂಗೈ ಅಗಲದ ಕಪ್ಪು ಹೆಂಟೆಯೊಂದು, ಮೇಲೆ ಒಂದೆರಡು ಹತ್ತಿಯ ಎಲೆ ಸಮೇತ, ಕಚ್ಚಿಕೊಂಡು ಕೂತಿತ್ತು. ಸ್ಕ್ರೂ ಡ್ರೈವರಿನಿಂದ ಎಬ್ಬಿಸಿದರೆ ಒಂದೇ ತುಂಡಾಗಿ ಕಿತ್ತು ಬಂತು. ಅದರ ಕೆಳಮೈಯಲ್ಲಿ ರಿಮ್ಮಿನ ಬೆಸುಗೆಯ ಗುರುತೂ ಅಚ್ಚೊತ್ತಿತ್ತು. ಆ ಮೇಲೆ, ಗಾಲಿಯ ತೂಕ ಸಮ ಮಾಡಲು ರಿಮ್ಮಿಗೆ ಎಷ್ಟು ಸೀಸ ಬಡಿಯಬೇಕೆಂದು ಹೇಳುವ ಬ್ಯಾಲೆನ್ಸಿಂಗ್ ಯಂತ್ರ ಕೇಳಿದ್ದು ಹತ್ತು ಗ್ರಾಂ ಮಾತ್ರ. ಹೊಲಕ್ಕೆ ಹೋಗಿಬಂದ ಮರುದಿನವೇ ನಡುಕ ಶುರುವಾಗಿದ್ದರೆ ಗ್ಯಾರೇಜಿಗೆ ಬರುವ ಮೊದಲು ಗಾಲಿಗಳ ಒಳಬದಿಗೆ ನೀರು ಹೊಡೆಸಿ ನೋಡುವುದು ಒಳ್ಳೆಯದು. ಮಣ್ಣು ಹಾಗೆಯೇ ಇರುವಾಗ ಬ್ಯಾಲೆನ್ಸಿಂಗ್ ಮಾಡಿಸಿದರೆ ಆ ಹೆಂಟೆಗೂ ಸೇರಿಸಿ ಸೀಸ ಬಡಿದಂತಾಗಿ, ಮುಂದೆ ಅದು ಉದುರಿದ ದಿನ ನಡುಕ ಹೊಸದಾಗಿ ಹುಟ್ಟುತ್ತದೆ.

ಬ್ಯಾಲೆನ್ಸಿಂಗ್ ಯಂತ್ರದ ಪರದೆಯ ಮೇಲೆ ಎರಡೂ ಬದಿಗೆ ಸೊನ್ನೆ ಬಂದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಗ್ರಾಹಕರಿಗಿಂತ ನಮ್ಮ ವೃತ್ತಿಯವರಲ್ಲಿಯೇ ಹೆಚ್ಚು ಬಲವಾಗಿದೆ. ಆ ಯಂತ್ರ ತೂಕದ ಹಂಚಿಕೆಯನ್ನು ಅಳೆಯುತ್ತದೆ. ಗಾಲಿ ದುಂಡಗಿದೆಯೇ ಎಂಬುದನ್ನು ಸಾಮಾನ್ಯ ಯಂತ್ರಗಳು ಅಳೆಯುವುದಿಲ್ಲ. ಮೊಟ್ಟೆಯಾಕಾರಕ್ಕೆ ತಿರುಗಿದ ಗಾಲಿಗೂ ಸೀಸ ಬಡಿದು ಸೊನ್ನೆ ತರಿಸಬಹುದು, ಆದರೆ ರಸ್ತೆಯ ಮೇಲೆ ಅದು ಸುತ್ತಿಗೊಮ್ಮೆ ಗಾಡಿಯನ್ನು ಎತ್ತಿ ಇಳಿಸುವುದು ತಪ್ಪುವುದಿಲ್ಲ. ಸೊನ್ನೆಯನ್ನೂ ಒಮ್ಮೆ ಪರೀಕ್ಷಿಸಬೇಕು: ಯಂತ್ರದ ಶಾಫ್ಟಿನ ಮೇಲೆ ಗಾಲಿಯನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಿದಾಗ ಹತ್ತು ಹದಿನೈದು ಗ್ರಾಂ ತೋರಿಸಿದರೆ, ಮೊದಲ ಸಲ ಗಾಲಿ ಯಂತ್ರದ ಶಂಕುವಿನಾಕಾರದ ಹಿಡಿಕೆಯ ಮೇಲೆ ನಡುಮಧ್ಯಕ್ಕೆ ಕೂತಿರಲಿಲ್ಲ ಎಂದು ಅರ್ಥ. ಪಂಕ್ಚರ್ ತಡೆಯುವ ದ್ರವ ತುಂಬಿದ ಟೈರಿನಲ್ಲಿ ಈ ಪರೀಕ್ಷೆಯೂ ಕೈಕೊಡುತ್ತದೆ. ದ್ರವ ಜಾಗ ಬದಲಿಸಿದಂತೆಲ್ಲ ಯಂತ್ರ ಪ್ರತಿ ಸಲ ಒಂದೊಂದು ಅಂಕಿ ಹೇಳುತ್ತದೆ.

ದುಂಡುತನ ನೋಡಲು, ಸಣ್ಣ ಏರಿಳಿತವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಇದ್ದರೆ ಉತ್ತಮ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಗಾಡಿಯನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಟ್ಟಿಗೆಯ ಮೇಲೆ ಒಂದು ಸ್ಕ್ರೂ ಡ್ರೈವರನ್ನು ಅಲುಗಾಡದಂತೆ ಇಟ್ಟು, ಅದರ ತುದಿಯನ್ನು ರಿಮ್ಮಿನ ಅಂಚಿಗೆ ಇನ್ನೇನು ತಾಗುತ್ತದೆ ಎನ್ನುವಷ್ಟು ಹತ್ತಿರ ತಂದು, ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಸಂದು ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಮಿಲಿಮೀಟರಿಗಿಂತ ಹೆಚ್ಚು ತೆರೆದುಕೊಂಡರೆ ರಿಮ್ ಸೊಟ್ಟಗಾಗಿದೆ. ಹೆದ್ದಾರಿಯ ಕಾಮಗಾರಿ ನಡೆಯುವಲ್ಲಿ ತಟ್ಟನೆ ಎದುರಾಗುವ ಡಾಂಬರಿನ ಅಂಚು, ರಾತ್ರಿ ಕಾಣದ ತಗ್ಗು, ಬಣ್ಣ ಬಳಿಯದ ಹಂಪು ಇವೇ ಅದಕ್ಕೆ ಸಾಕು. ಕಬ್ಬಿಣದ ರಿಮ್ಮನ್ನು ಒಂದು ಮಿತಿಯೊಳಗೆ ನೇರ ಮಾಡಬಹುದು. ಬಿರುಕು ಬಿಟ್ಟ ಅಲಾಯ್ ರಿಮ್ಮಿಗೆ ಬೆಸುಗೆ ಹಾಕಿ ಹೆದ್ದಾರಿಗೆ ಇಳಿಸುವುದನ್ನು ನಾನಂತೂ ಒಪ್ಪುವುದಿಲ್ಲ. ರಿಮ್ ನೆಟ್ಟಗಿದ್ದರೆ ಇದೇ ಪರೀಕ್ಷೆಯನ್ನು ಟೈರಿನ ಮೈಗೆ ಮಾಡಬೇಕು. ಪಕ್ಕದ ಗೋಡೆಯಲ್ಲಿ ಗುಳ್ಳೆ ಎದ್ದಿದ್ದರೆ ಒಳಗಿನ ದಾರಗಳು ಹರಿದಿವೆ. ಓಡುವ ಮೈ ಒಂದು ಕಡೆ ಉಬ್ಬಿದ್ದರೆ ಒಳಗಿನ ಉಕ್ಕಿನ ಪಟ್ಟಿ ರಬ್ಬರಿನಿಂದ ಬಿಟ್ಟುಕೊಂಡಿದೆ. ಈ ದೋಷದ ಟೈರು 20, 30ರ ವೇಗದಲ್ಲಿಯೇ ಗಾಡಿಯನ್ನು ತೊನೆದಾಡಿಸಲು ಶುರುಮಾಡುತ್ತದೆ. ಈ ಎರಡೂ ಟೈರುಗಳಿಗೆ ದುರಸ್ತಿ ಇಲ್ಲ, ಬದಲಿಸುವುದೊಂದೇ ದಾರಿ. ಟೈರಿನ ವಯಸ್ಸನ್ನು ಅದರ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಿಂದ ತಿಳಿಯಬಹುದು. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮನೆಯಲ್ಲಿಯೇ ಹೆಚ್ಚು ದಿನ ನಿಂತಿದ್ದ ಗಾಡಿಯ ಟೈರು ನೆಲ ತಾಗಿದ ಕಡೆ ಚಪ್ಪಟೆಯಾಗಿ ನಡುಗುವುದೂ ಉಂಟು, ಆದರೆ ಅದು ಸಾಮಾನ್ಯವಾಗಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಇಳಿದುಹೋಗುತ್ತದೆ.

ಗಾಲಿಯೂ ಟೈರೂ ನಿರ್ದೋಷಿಗಳಾಗಿದ್ದು ಕೂರಿಸಿದ ರೀತಿ ತಪ್ಪಾಗಿರುವ ಪ್ರಸಂಗಗಳು ಕಡಿಮೆಯೇನಲ್ಲ. ಹಬ್ಬಿನ ಮುಖದಲ್ಲಿ ತುಕ್ಕಿನ ಪೊರೆ ಇದ್ದರೆ ಗಾಲಿ ಸಮವಾಗಿ ಅಂಟಿ ಕೂರುವುದಿಲ್ಲ. ಹೊರಗಿನಿಂದ ಕೊಂಡ ಅಲಾಯ್ ಗಾಲಿಗಳ ನಡುವಿನ ರಂಧ್ರ ಹಲವು ಮಾದರಿಯ ಕಾರುಗಳಿಗೆ ಆಗಲೆಂದು ದೊಡ್ಡದಾಗಿರುತ್ತದೆ. ಆ ಅಂತರವನ್ನು ತುಂಬುವ ರಿಂಗ್ ಹಾಕದಿದ್ದರೆ ಬರೀ ನಟ್ಟುಗಳೇ ಗಾಲಿಯನ್ನು ಕೇಂದ್ರಕ್ಕೆ ತರಬೇಕು. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ, ಎರಡು ಮೂರು ಹಂತಗಳಲ್ಲಿ ಬಿಗಿಯಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರಿನಷ್ಟು ಬಿಗಿತ ಸಾಕು, ನಿಖರ ಅಂಕಿ ಗಾಡಿಯ ಪುಸ್ತಕದಲ್ಲಿರುತ್ತದೆ. ಗಾಳಿಯ ಗನ್ನಿನಿಂದ ಅದು ಕೂಗುವವರೆಗೂ ಬಿಗಿದು ಬಿಡುವ ಅಂಗಡಿಗಳಲ್ಲಿ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಗೋಡೆಯ ಮೇಲೆ ತೂಗುತ್ತಿರುತ್ತದೆ, ಅಷ್ಟೇ.

ಗಾಲಿಯನ್ನು ಸ್ಟೇರಿಂಗಿಗೂ ಗಾಡಿಯ ಮೈಗೂ ಜೋಡಿಸುವ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮಿನ ಬುಷ್ ಇವುಗಳ ಸಡಿಲಿಕೆಯನ್ನು ಕಡೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಇವು ನಡುಕವನ್ನು ಹೆಚ್ಚಿಸುತ್ತವೆ, ಆದರೆ ನಯವಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಬರುವ ನಡುಕವನ್ನು ತಾವಾಗಿ ಹುಟ್ಟಿಸುವುದು ವಿರಳ. ಸುರಕ್ಷತೆಯ ದೃಷ್ಟಿಯಿಂದ ಸವೆದದ್ದನ್ನು ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸವೆತ ಕಾಣದಿದ್ದರೂ ಬರೀ ಊಹೆಯ ಮೇಲೆ, ತಿರುವನ್ನು ಗಾಲಿಗಳಿಗೆ ಮುಟ್ಟಿಸುವ ಸ್ಟೇರಿಂಗ್ ರ‍್ಯಾಕ್ ಬದಲಿಸಲು ಹೇಳಿದವರ ಬಳಿ ಗ್ರಾಹಕರು ಒಂದು ಕೆಲಸವನ್ನು ಮೊದಲು ಮಾಡಿಸಬೇಕು: ಅದೇ ಬದಿಯಲ್ಲಿ ಮುಂದಿನ ಗಾಲಿಯನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿಸಿ ಮತ್ತೆ ಅದೇ ರಸ್ತೆಯಲ್ಲಿ ಓಡಿಸುವುದು. ನಡುಕ ಸ್ಟೇರಿಂಗಿನಿಂದ ಸೀಟಿಗೆ ಜಾರಿದರೆ ದೋಷ ಆ ಗಾಲಿಯ ಜೊತೆ ಹಿಂದಕ್ಕೆ ಹೋಗಿದೆ. ಎರಡೂ ಬದಿಯಲ್ಲಿ ಹೀಗೆ ಮಾಡಿದ ಮೇಲೂ ಸ್ಟೇರಿಂಗಿನಲ್ಲಿಯೇ ಉಳಿದರೆ ಹಬ್, ಬೇರಿಂಗ್, ಶಾಫ್ಟುಗಳ ಕಡೆ ತಿರುಗಬೇಕು. ಇದಕ್ಕೆ ತಗಲುವ ಖರ್ಚು ಗಾಲಿ ಬಿಚ್ಚಿ ಹಾಕುವ ಕೂಲಿ ಮಾತ್ರ.

ಇಲ್ಲಿಯವರೆಗೆ ಹೇಳಿದ್ದೆಲ್ಲ ದಿನಗಳಿಂದ ಇರುವ, ನಿಧಾನವಾಗಿ ಬೆಳೆದ ನಡುಕದ ಮಾತು. ಹಾವೇರಿಗೋ ರಾಣೆಬೆನ್ನೂರಿಗೋ ಹೋಗುತ್ತಿರುವಾಗ ದಾರಿಯಲ್ಲಿಯೇ ಹೊಸದಾಗಿ ಹುಟ್ಟಿ, ಕಿಲೋಮೀಟರಿಗೊಮ್ಮೆ ಹೆಚ್ಚುತ್ತಿರುವ ನಡುಕ ಬೇರೆ ಜಾತಿಯದು. ಅದು ಸಡಿಲಾದ ನಟ್ಟಿನದ್ದಾಗಿರಬಹುದು, ಒಡೆಯಲು ಹೊರಟ ಟೈರಿನದ್ದಾಗಿರಬಹುದು. ಬ್ರೇಕನ್ನು ಗಟ್ಟಿಯಾಗಿ ಒತ್ತದೆ ವೇಗ ಇಳಿಸಿ, ರಸ್ತೆಯ ಅಂಚಿನಿಂದ ಪೂರ್ತಿ ಹೊರಗೆ ನಿಲ್ಲಿಸಿ, ನಾಲ್ಕೂ ಗಾಲಿಗಳ ನಟ್ಟುಗಳನ್ನು ಪಾನಾ ಹಾಕಿ ನೋಡಬೇಕು. ಇತ್ತೀಚೆಗೆ ಗಾಲಿ ಬಿಚ್ಚಿಸಿದ್ದರೆ ಇದನ್ನು ಮೊದಲು ನೋಡಬೇಕು. ನಟ್ಟುಗಳು ಬಿಗಿಯಾಗಿದ್ದರೆ ಟೈರಿನ ಎರಡೂ ಗೋಡೆಗಳನ್ನು ಮತ್ತು ಓಡುವ ಮೈಯನ್ನು ಕಣ್ಣಿನಿಂದ ಪರೀಕ್ಷಿಸಬೇಕು. ಉಬ್ಬು ಕಂಡರೆ ಮುಂದಿನ ಊರಿನವರೆಗೆ ನಿಧಾನವಾಗಿ ಹೋದರಾಯಿತು ಎಂದುಕೊಳ್ಳದೆ ಅಲ್ಲಿಯೇ ಸ್ಟೆಪ್ನಿ ಹಾಕಬೇಕು. ಸ್ಟೆಪ್ನಿ ಉಳಿದ ಗಾಲಿಗಳಿಗಿಂತ ಕಿರಿದಾದದ್ದಾಗಿದ್ದರೆ ಅದರ ಮೇಲೆ ವೇಗದ ಮಿತಿಯನ್ನು ಬರೆದಿರುತ್ತಾರೆ, ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್.